ಹೊಸಬರ ಮಗ್

ಆಲ್ಡರ್‌ಬಿಯ ಜನ ಕೆಟ್ಟವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಹೇಳಲು ಮನಸ್ಸು ಬರುತ್ತದೋ ಇಲ್ಲವೋ. ಯಾರ ಮನೆಗಾದರೂ ಬೆಂಕಿ ಬಿದ್ದರೆ ಓಡಿಬರುತ್ತಾರೆ. ಯಾರಾದರೂ ಸತ್ತರೆ ತಟ್ಟೆ ತುಂಬ ಸ್ಯಾಂಡ್‌ವಿಚ್ ಹಿಡಿದುಕೊಂಡು ಬಾಗಿಲಿಗೆ ಬರುತ್ತಾರೆ. ಬಸ್ ನಿಲ್ದಾಣದಲ್ಲಿ ಕಂಡರೆ ಇವತ್ತು ಗಾಳಿ ಜೋರು ಅಂತ ಹೇಳಿಯೇ ಹೇಳುತ್ತಾರೆ. ಆದರೆ ಒಬ್ಬರನ್ನು ತಮ್ಮೂರಿನವರು ಅಂತ ಒಪ್ಪಿಕೊಳ್ಳುವುದಕ್ಕೆ ಮಾತ್ರ ಅವರದೊಂದು ಕಟ್ಟಳೆ ಇದೆ. ಚರ್ಚಿನ ಹಿಂದಿನ ಸ್ಮಶಾನದಲ್ಲಿ ನಿಮ್ಮ ಮನೆತನದ ಮೂರು ತಲೆಮಾರಿನ ಗೋರಿಗಳಿರಬೇಕು. ಮೂರಕ್ಕಿಂತ ಒಂದು ಕಡಿಮೆಯಾದರೂ ನೀವು ಬಂದವರು, ಅಷ್ಟೆ.

ಎನಿಡ್ ಹಾಲ್ಟನ್‌ಗೆ ಇದ್ದದ್ದು ಒಂದೇ ಗೋರಿ, ಗಂಡ ವಿಲ್ಫ್‌ನದು. ಆ ಕಲ್ಲಿನಲ್ಲಿ ಅವನ ಹೆಸರಿನ ಕೆಳಗೆ ಅವಳ ಹೆಸರಿಗೆಂದು ನಾಲ್ಕು ಬೆರಳಷ್ಟು ಜಾಗ ಬಿಟ್ಟಿದ್ದರು. ಅವನ ಕಡೆಯವರ ಗೋರಿಗಳು ಸಾಲುಗಟ್ಟಿ ಇದ್ದವು ನಿಜ, ಆದರೆ ಮದುವೆಯಾಗಿ ಬಂದವಳಿಗೆ ಅವು ಲೆಕ್ಕಕ್ಕಿಲ್ಲ. ಮಕ್ಕಳೂ ಆಗಲಿಲ್ಲ. ಎಂಟು ಮೈಲಿ ಆಚೆಯ ಥೋರ್ಪ್ ಫೆನ್ ಎಂಬ ಹಳ್ಳಿಯಿಂದ ಇಪ್ಪತ್ಮೂರನೇ ವಯಸ್ಸಿನಲ್ಲಿ ಈ ಪೇಟೆಗೆ ಬಂದ ಅವಳಿಗೆ ಈಗ ಎಪ್ಪತ್ತೇಳು. ಐವತ್ತನಾಲ್ಕು ವರ್ಷದಲ್ಲಿ ಪೇಟೆಚೌಕದ ಯಾವ ಅಂಗಡಿ ಯಾವ ಅಂಗಡಿಯಾಯಿತು, ಯಾರ ಮಗಳು ಯಾರ ಜೊತೆ ಹೋದಳು, ಯಾವ ಚಳಿಗೆ ಹೊಳೆ ಹೆಪ್ಪುಗಟ್ಟಿತು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಕೇಳುವವರು ಮಾತ್ರ ಯಾರೂ ಇರಲಿಲ್ಲ.

ಊರಿನ ಇತಿಹಾಸ ಸಂಘ ಅಂತ ಒಂದಿತ್ತು. ಪ್ರತಿ ಮಂಗಳವಾರ ಗ್ರಂಥಾಲಯದ ಮಹಡಿಯ ಮೇಲೆ ಸೇರುತ್ತಿದ್ದರು. ಅಲ್ಲೂ ಒಂದು ನಿಯಮ. ಚರ್ಚಿನ ಗಂಟೆಯ ಸದ್ದು ಕೇಳುವಷ್ಟು ದೂರದೊಳಗೆ ಹುಟ್ಟಿದವರ ನೆನಪುಗಳನ್ನಷ್ಟೇ ದಾಖಲೆಗೆ ಸೇರಿಸುವುದು. ಉಳಿದವರು ಸಹಾಯಕ ಸದಸ್ಯರು. ಸಹಾಯಕ ಸದಸ್ಯರು ಎಂದರೆ ಬಹುವಚನವೇನೂ ಬೇಡ, ಎನಿಡ್ ಒಬ್ಬಳೇ. ಹತ್ತೊಂಬತ್ತು ವರ್ಷದಿಂದ ಆ ಮಹಡಿಯ ಮೇಲೆ ಚಹಾ ಮಾಡಿಕೊಟ್ಟು, ಬಿಸ್ಕತ್ತು ಜೋಡಿಸಿಟ್ಟು, ಅವರು ಹೇಳಿದ್ದನ್ನು ಟೈಪು ಮಾಡಿಕೊಡುತ್ತಿದ್ದವಳು ಅವಳು. ಯಾರಾದರೂ ಹಳೆಯ ಬೇಕರಿಯ ಹೆಸರು ನೆನಪಾಗದೆ ತಲೆ ಕೆರೆದುಕೊಂಡರೆ ಅವಳು ಕೆಟಲಿನ ಪಕ್ಕದಿಂದಲೇ ಮೆಲ್ಲಗೆ ಹೇಳುತ್ತಿದ್ದಳು. ಹೇಳಿದ ಹೆಸರನ್ನು ಅವರು ಬರೆದುಕೊಳ್ಳುತ್ತಿದ್ದರು, ನೆನಪಾದದ್ದು ತಮಗೇ ಅನ್ನುವ ಹಾಗೆ.

ವಿಲ್ಫ್ ಹಾಗಲ್ಲ, ಅವನು ಅಪ್ಪಟ ಊರಿನವನು. ಚೌಕದ ಬೀಜದ ಅಂಗಡಿಯಲ್ಲಿ ನಲವತ್ತು ವರ್ಷ ದುಡಿದವನು, ಮಾತುಗಾರ. ಊರಿನ ತಿಂಗಳ ಪತ್ರಿಕೆಯಲ್ಲಿ ಅವನದೊಂದು ಪುಟವಿತ್ತು. ಅವನು ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಹೇಳುವುದು, ಅವಳು ಬರೆದುಕೊಳ್ಳುವುದು. ಸಂತೆಯ ದಿನ ಹಂದಿ ತಪ್ಪಿಸಿಕೊಂಡು ಬ್ಯಾಂಕಿಗೆ ನುಗ್ಗಿದ್ದು, ಪಾದ್ರಿಯ ಟೋಪಿಯೊಳಗೆ ಯಾರೋ ಮೊಟ್ಟೆ ಇಟ್ಟದ್ದು, ಇಂಥವೇ. ಊರೆಲ್ಲ ಓದಿ ನಗುತ್ತಿತ್ತು.

ಆಮೇಲೆ ಅವನ ನೆನಪು ಕೈಕೊಡಲು ಶುರುವಾಯಿತು. ಮೊದಲು ಬೀದಿಗಳ ಹೆಸರು ಹೋಯಿತು, ಆಮೇಲೆ ಜನರ ಹೆಸರು. ಪುಟ ನಿಲ್ಲಿಸಿಬಿಡೋಣ ಅಂದುಕೊಂಡಳು. ಆದರೆ ಪತ್ರಿಕೆ ಬಂದ ದಿನ ಅದನ್ನು ಓದಿ ಹೇಳು ಅಂತ ಅವನು ಮಗುವಿನ ಹಾಗೆ ಕಾಯುತ್ತಿದ್ದ. ಓದಿದರೆ ಕಣ್ಣರಳಿಸಿ, ಹೌದೌದು, ಹಾಗೇ ಇತ್ತು ಅನ್ನುತ್ತಿದ್ದ. ಆ ಹತ್ತು ನಿಮಿಷ ಅವನು ಮತ್ತೆ ವಿಲ್ಫ್ ಆಗುತ್ತಿದ್ದ. ಹಾಗಾಗಿ ಅವಳೇ ಬರೆಯತೊಡಗಿದಳು. ಅವನು ಎಂದೋ ಹೇಳಿದ್ದೆಲ್ಲ ಎರಡು ವರ್ಷಕ್ಕೆ ಬಂತು. ಆಮೇಲೆ ಬುಟ್ಟಿ ಖಾಲಿಯಾಯಿತು. ಒಂದು ನವೆಂಬರ್‌ನಲ್ಲಿ ಏನು ಬರೆಯಬೇಕೋ ತೋಚದೆ ಮಧ್ಯಾಹ್ನವಿಡೀ ಕಿಟಕಿಯ ಬಳಿ ಕೂತಿದ್ದವಳು, ಸುಮ್ಮನೆ ಒಂದನ್ನು ಹುಟ್ಟಿಸಿ ಬರೆದಳು.

ಪೇಟೆಚೌಕದ ನಡುವೆ ಬೆಣ್ಣೆಕಟ್ಟೆ ಇದೆ. ಎಂಟು ಕಲ್ಲುಕಂಬಗಳ ಮೇಲೊಂದು ಚಾವಣಿ, ಅಷ್ಟೆ. ಹಿಂದೆ ಸಂತೆಗೆ ಬಂದ ಹೆಂಗಸರು ಬೆಣ್ಣೆ, ಮೊಟ್ಟೆ ಇಟ್ಟುಕೊಂಡು ಕೂರುತ್ತಿದ್ದ ಜಾಗ. ಮೂರನೆಯ ಕಂಬದಲ್ಲಿ ತಕ್ಕಡಿ ತೂಗುಹಾಕುವ ಒಂದು ಕಬ್ಬಿಣದ ಕೊಕ್ಕೆ ಈಗಲೂ ಇದೆ. ಎನಿಡ್ ವಿಲ್ಫ್‌ನ ಮಾತಿನ ಧಾಟಿಯಲ್ಲೇ ಬರೆದಳು: ನಾನು ಸಣ್ಣವನಿದ್ದಾಗ ಆ ಕೊಕ್ಕೆಗೆ ಒಂದು ಮಗ್ ತೂಗುಹಾಕಿರುತ್ತಿದ್ದರು, ಬಿಳಿ ಬಣ್ಣದ್ದು, ಅಂಚಿಗೆ ನೀಲಿ. ಅದಕ್ಕೆ ಹೊಸಬರ ಮಗ್ ಅಂತ ಹೆಸರು. ಸಂತೆಗೆ ಮೊದಲ ಸಲ ಬಂದವರು, ಇಲ್ಲಿ ಪರಿಚಯದವರು ಯಾರೂ ಇಲ್ಲದವರು, ಆ ಮಗ್ ತೆಗೆದುಕೊಂಡರೆ ಸಾಕು. ಹತ್ತಿರವಿದ್ದ ಹೆಂಗಸು ಅದಕ್ಕೆ ಚಹಾ ಹಾಕಿಕೊಡಬೇಕು, ಯಾವೂರಿಂದ ಬಂದಿರಿ, ನಿಮ್ಮವರು ಯಾರಿದ್ದಾರೆ ಇಲ್ಲಿ ಅಂತ ಕೇಳಬೇಕು, ಮಗ್ ಖಾಲಿಯಾಗುವ ತನಕ ಅವರ ಪಕ್ಕ ಬಿಟ್ಟು ಕದಲಬಾರದು.

ಅಂಥ ಮಗ್ ಇರಲೇ ಇಲ್ಲ. ಇದ್ದದ್ದು ಎನಿಡ್. ಮದುವೆಯಾಗಿ ಬಂದ ಹೊಸತರಲ್ಲಿ, ಸಂತೆಯ ದಿನ ಬೆಣ್ಣೆಕಟ್ಟೆಯ ಕೆಳಗೆ ನಿಂತಿರು, ಊರ ಹೆಂಗಸರೆಲ್ಲ ಅಲ್ಲಿಗೇ ಬರುತ್ತಾರೆ, ಗುರುತಾಗುತ್ತದೆ ಅಂತ ವಿಲ್ಫ್ ಹೇಳಿ ಅಂಗಡಿಗೆ ಹೋಗುತ್ತಿದ್ದ. ಅವಳು ಅಮ್ಮ ಹೊಲಿದುಕೊಟ್ಟ ಹಸಿರು ಕೋಟು ಹಾಕಿಕೊಂಡು ಮೂರನೆಯ ಕಂಬದ ಪಕ್ಕ ನಿಲ್ಲುತ್ತಿದ್ದಳು. ಒಂಬತ್ತರಿಂದ ಒಂದು ಗಂಟೆಯವರೆಗೆ. ಅಕ್ಟೋಬರ್‌ನಿಂದ ಮಾರ್ಚ್ ತನಕ, ಪ್ರತಿ ಗುರುವಾರ. ಹೆಂಗಸರು ಬರುತ್ತಿದ್ದರು, ನಗುತ್ತಿದ್ದರು, ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಮಾತಾಡುತ್ತಿದ್ದರು. ಅವಳನ್ನೂ ಇನ್ನೊಂದು ಕಂಬದ ಹಾಗೆ ಸುತ್ತಿ ಹಾದು ಹೋಗುತ್ತಿದ್ದರು. ಒಬ್ಬರೂ ಮಾತಾಡಿಸಲಿಲ್ಲ. ಯಾರಾದ್ರೂ ಸಿಕ್ಕಿದ್ರಾ ಅಂತ ಸಂಜೆ ವಿಲ್ಫ್ ಕೇಳಿದರೆ, ಎಲ್ಲರೂ ಮಾತಾಡಿಸಿದರು, ಒಳ್ಳೆಯ ಜನ ಅನ್ನುತ್ತಿದ್ದಳು. ಅವನಿಗೆ ತನ್ನೂರಿನ ಮೇಲೆ ಪ್ರಾಣ. ಅವನೆದುರು ಹೇಗೆ ಹೇಳುವುದು? ಏಪ್ರಿಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಕಂಬದ ಪಕ್ಕ ನಿಲ್ಲುವುದು ತಪ್ಪಿತು. ಆ ಚಳಿಗಾಲದ ಸುದ್ದಿ ಅವಳ ಹೊಟ್ಟೆಯಲ್ಲೇ ಉಳಿಯಿತು. ಆ ನವೆಂಬರ್‌ನಲ್ಲಿ ಮಗ್ಗಿನ ಕತೆ ಬರೆಯುವಾಗಲೂ ಕಂಬದ ಪಕ್ಕ ನಿಂತ ಹುಡುಗಿಯನ್ನಾಗಲಿ, ಹಸಿರು ಕೋಟನ್ನಾಗಲಿ ಅವಳು ಬರೆಯಲಿಲ್ಲ. ನೀಲಿ ಅಂಚಿನ ಅಂಥದೊಂದು ಬಿಳಿ ಮಗ್ ಮಾತ್ರ ನಿಜವಾಗಿಯೂ ಇತ್ತು, ಇಲ್ಲಲ್ಲ, ಥೋರ್ಪ್ ಫೆನ್‌ನಲ್ಲಿ, ಅವಳ ಅಮ್ಮನ ಅಡುಗೆಮನೆಯಲ್ಲಿ.

ಪತ್ರಿಕೆ ಬಂದ ದಿನ ಅದನ್ನು ಓದಿ ಹೇಳಿದಾಗ ವಿಲ್ಫ್ ಪುಟದ ಮೇಲೆ ಬೆರಳಾಡಿಸಿದ. ಅವನ ಕಣ್ಣಲ್ಲಿ ನೀರು ಬಂತು. ಒಳ್ಳೆಯ ಜನ ನಾವು, ಅಲ್ಲವಾ ಅಂದ. ಆಮೇಲೆ ಅವಳನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ.

"ಯಾವೂರಿಂದ ಬಂದಿರಿ ತಾಯಿ ನೀವು?" ಅಂದ. "ನಿಮ್ಮೋರು ಯಾರಿದಾರೆ ಇಲ್ಲಿ?"

ಎನಿಡ್ ಪತ್ರಿಕೆ ಮಡಿಚಿದಳು. "ಥೋರ್ಪ್ ಫೆನ್‌ನಿಂದ," ಅಂದಳು. "ಇಲ್ಲಿ ನನ್ನ ಗಂಡ ಇದಾರೆ."

"ಹಾಗಾದ್ರೆ ಪರವಾಗಿಲ್ಲ," ಅಂದ ವಿಲ್ಫ್, ಸಮಾಧಾನವಾದವನಂತೆ.

ಎರಡು ವರ್ಷ ಬಿಟ್ಟು ಇತಿಹಾಸ ಸಂಘದವರು ಆ ಕತೆಯನ್ನು ಹಬ್ಬ ಮಾಡಿಕೊಂಡರು. ಅಕ್ಟೋಬರ್‌ನ ಮೊದಲ ಗುರುವಾರ ಮಗ್ಗಿನ ದಿನ. ಎಲ್ಲಿಂದಲೋ ನೀಲಿ ಅಂಚಿನ ಬಿಳಿ ಮಗ್ ತಂದು, ಇದು ಆ ಕಾಲದ್ದೇ ಇರಬೇಕು ಅಂತ ತಾವೇ ಹೇಳಿ ತಾವೇ ನಂಬಿ ಕೊಕ್ಕೆಗೆ ಹಾಕಿದರು. ಮೊದಲ ವರ್ಷ ಅದರಲ್ಲಿ ಬಿಷಪ್ ಕುಡಿದರು. ಎರಡನೆಯ ವರ್ಷ ಟೀವಿಯಲ್ಲಿ ತೋಟಗಾರಿಕೆ ಹೇಳಿಕೊಡುವ ಒಬ್ಬ ಗಡ್ಡದವನು. ಹೊಸಬರು ಅಂತ ಯಾರನ್ನು ಕರೆಯಬೇಕು ಅನ್ನುವುದಕ್ಕೆ ಬೇಸಿಗೆಯಿಂದಲೇ ಮೀಟಿಂಗು. ಚಹಾ ಹಾಕಿಕೊಡುವುದು ಮಾತ್ರ ಯಾವಾಗಲೂ ಸಂಘದ ಅಧ್ಯಕ್ಷೆ ಡೊರೀನ್ ಪಿಂಚ್‌ಬೆಕ್. ಇವಳು ಚೌಕದ ಕಟುಕನ ಮಗಳು, ಎನಿಡ್‌ಗಿಂತ ಒಂದು ವರ್ಷ ಚಿಕ್ಕವಳು, ಸ್ಮಶಾನದಲ್ಲಿ ಆರು ತಲೆಮಾರು. ಆ ಚಹಾ ಕಾಯಿಸಿಡುವುದು ಎನಿಡ್‌ಳ ಕೆಲಸ.

ವಿಲ್ಫ್ ತೀರಿಕೊಂಡ ಮರುವರ್ಷದ ಬೇಸಿಗೆಯಲ್ಲಿ, ಅವನ ಪುಟಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುವುದೆಂದೂ, ಮಗ್ಗಿನ ದಿನ ಮೂರನೆಯ ಕಂಬಕ್ಕೆ ಒಂದು ಕಲ್ಲಿನ ಫಲಕ ಹಾಕುವುದೆಂದೂ ಸಂಘ ತೀರ್ಮಾನಿಸಿತು. ಕಾರ್ಯದರ್ಶಿ ಕ್ಲೈವ್, ನಿವೃತ್ತ ಭೂಗೋಳದ ಮೇಷ್ಟ್ರು, ಫಲಕದ ಒಕ್ಕಣೆಯನ್ನು ಟೈಪು ಮಾಡಲು ಎನಿಡ್‌ಗೇ ಕೊಟ್ಟ. ಹೊಸಬರನ್ನು ಈ ಊರು ಎಂದೂ ಒಂಟಿಯಾಗಿ ನಿಲ್ಲಿಸಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡ ವಿಲ್ಫ್ ಹಾಲ್ಟನ್, ಇಲ್ಲಿ ಹುಟ್ಟಿದವನು, ಎಂದಿತ್ತು ಅದರಲ್ಲಿ.

ಆ ಮೊದಲ ಸಾಲನ್ನು ಟೈಪು ಮಾಡುವಾಗ ಅವಳ ಬೆರಳು ಮುಂದೆ ಹೋಗಲಿಲ್ಲ. ಪತ್ರಿಕೆಯ ಕಾಗದ ಹಳದಿಯಾಗುತ್ತದೆ, ರದ್ದಿಗೆ ಹೋಗುತ್ತದೆ. ಕಲ್ಲು ಹಾಗಲ್ಲವಲ್ಲ! ತಾನು ನಿಂತ ಅದೇ ಕಂಬದ ಮೇಲೆ, ಇಲ್ಲಿ ಯಾರೂ ಒಂಟಿಯಾಗಿ ನಿಂತಿರಲಿಲ್ಲ ಅಂತ ಕೆತ್ತಿಬಿಟ್ಟರೆ ಆ ಚಳಿಗಾಲ ಇರಲೇ ಇಲ್ಲ ಅಂತಾಗುತ್ತದೆ. ತನ್ನ ಕೈಯಿಂದಲೇ ಆದ ಸುಳ್ಳು, ಯಾರನ್ನು ದೂರುವುದು? ಅವಳಿಗೆ ಹೆಸರು ಬೇಕಿರಲಿಲ್ಲ. ಫಲಕ ವಿಲ್ಫ್‌ನ ಹೆಸರಲ್ಲೇ ಇರಲಿ. ಆರು ತಿಂಗಳು ತಾನು ಅಲ್ಲಿ ನಿಂತಿದ್ದೆ ಅಂತ ಈ ಊರಿನಲ್ಲಿ ಒಬ್ಬರಿಗೆ, ಒಬ್ಬರಿಗಾದರೂ ಗೊತ್ತಾಗಬೇಕು. ಅಷ್ಟಾದರೆ ಸಾಕಾಗಿತ್ತು ಅವಳಿಗೆ.

ಮುಂದಿನ ಮಂಗಳವಾರ ಚಹಾ ಕೊಟ್ಟಾದ ಮೇಲೆ, ಕೈಯಲ್ಲಿ ಖಾಲಿ ಟ್ರೇ ಹಿಡಿದುಕೊಂಡೇ, ಒಂದು ಮಾತು ಹೇಳಬೇಕು ಅಂದಳು. ಮೇಜಿನ ಸುತ್ತ ಒಂಬತ್ತು ಜನ ತಲೆಯೆತ್ತಿದರು. ಸಕ್ಕರೆ ಮುಗಿಯಿತು ಅಂತ ಹೇಳುತ್ತಾಳೆ ಅಂದುಕೊಂಡಿದ್ದರೇನೋ.

"ಮಗ್ಗಿನ ಕತೆ ವಿಲ್ಫ್ ಬರೀಲಿಲ್ಲ, ನಾನು ಬರ್ದೆ," ಅಂದಳು. "ಅಂಥ ಮಗ್ ಈ ಊರಲ್ಲಿ ಯಾವತ್ತೂ ಇರ್ಲಿಲ್ಲ. ನಾನು ಬಂದ ಹೊಸದ್ರಲ್ಲಿ ಆ ಕಟ್ಟೆ ಕೆಳಗೆ ನಿಂತಿರ್ತಿದ್ದೆ. ಯಾರೂ ಮಾತಾಡಿಸ್ತಿರ್ಲಿಲ್ಲ. ಅದಕ್ಕೆ ಬರ್ದೆ."

ಕ್ಲೈವ್ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. ಮೊದಲು ಬಾಯಿಬಿಟ್ಟವನು ಗಾಲಿಕುರ್ಚಿಯಲ್ಲಿದ್ದ ತೊಂಬತ್ತೊಂದರ ಆರ್ಥರ್ ಸ್ನೆಲ್, ಸಂಘದಲ್ಲಿ ಎಲ್ಲರಿಗಿಂತ ಹಿರಿಯ.

"ಇರ್ಲಿಲ್ವಾ? ನನ್ನ ಈ ಕೈಯಲ್ಲಿ ಹಿಡ್ಕೊಂಡಿದೀನಿ ಕಣಮ್ಮ ಅದನ್ನ. ಬಿಳೀದು. ಅಂಚಿಗೆ ನೀಲಿ. ನಮ್ಮಮ್ಮ ಅದ್ರಲ್ಲಿ ಒಬ್ಬ ನಾವಿಕನಿಗೆ ಚಹಾ ಕೊಟ್ಟಿದ್ದು ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ."

ಅವನು ಸುಳ್ಳು ಹೇಳುತ್ತಿರಲಿಲ್ಲ, ಅದೇ ತೊಂದರೆ. ಅವನ ಮುದಿ ಕಣ್ಣುಗಳಲ್ಲಿ ಆ ನಾವಿಕ ನಿಂತೇ ಇದ್ದ. ಇನ್ನಿಬ್ಬರು ಹೌದೌದು, ನಮ್ಮಜ್ಜಿಯೂ ಹೇಳುತ್ತಿದ್ದಳು ಅಂತ ದನಿಗೂಡಿಸಿದರು. ಡೊರೀನ್ ಎದ್ದು ಬಂದು ಎನಿಡ್‌ಳ ಕೈಯಿಂದ ಟ್ರೇಯನ್ನು ಮೆಲ್ಲಗೆ ತೆಗೆದುಕೊಂಡಳು.

"ಆ ಕಾಲಕ್ಕೆ ನೀನು ಇಲ್ಲಿರ್ಲೇ ಇಲ್ವಲ್ಲ ತಾಯಿ," ಅಂದಳು, ಬಹಳ ಮೃದುವಾಗಿ. "ಇಲ್ಲಿ ಏನಿತ್ತು ಏನಿರ್ಲಿಲ್ಲ ಅಂತ ನಿಂಗೆ ಹೇಗೆ ಗೊತ್ತಾಗ್ಬೇಕು?"

ಆ ಮೃದು ದನಿ ಎನಿಡ್‌ಗೆ ಗೊತ್ತಿತ್ತು. ಕೊನೆಯ ವರ್ಷಗಳಲ್ಲಿ ವಿಲ್ಫ್‌ನ ಜೊತೆ ಎಲ್ಲರೂ ಮಾತಾಡುತ್ತಿದ್ದ ದನಿ ಅದು. ಅವಳು ಕೋಟು ಹಾಕಿಕೊಂಡು ಮೆಟ್ಟಿಲಿಳಿಯುವಾಗ ಮೇಲೆ ಕುರ್ಚಿಗಳು ಹತ್ತಿರಕ್ಕೆ ಸರಿದ ಸದ್ದಾಯಿತು. ಪಾಪ, ಗಂಡನಿಗೂ ಹೀಗೇ ಶುರುವಾದದ್ದು ಅಂತ ಯಾರೋ ಹೇಳಿದ್ದು ಅವಳ ಕಿವಿಗೆ ಬಿತ್ತು. ಎರಡು ದಿನ ಬಿಟ್ಟು ಕ್ಲೈವ್‌ನಿಂದ ಒಂದು ಚೀಟಿ ಬಂತು. ಇಷ್ಟು ವರ್ಷ ದುಡಿದಿದ್ದೀರಿ, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ, ಚಹಾದ ಕೆಲಸಕ್ಕೆ ಬೇರೆಯವರನ್ನು ಗೊತ್ತುಮಾಡಿದ್ದೇವೆ ಎಂದಿತ್ತು. ಕೊನೆಯಲ್ಲಿ ಡಾಕ್ಟರನ್ನು ಕಾಣುವುದಿದ್ದರೆ ತಾನೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೂ ಇತ್ತು. ಹೇಳಿದೆನಲ್ಲ, ಕೆಟ್ಟವರಲ್ಲ.

ಆ ಸೆಪ್ಟೆಂಬರ್ ಎನಿಡ್‌ಗೆ ಬಹಳ ಉದ್ದವಾಯಿತು. ಮಂಗಳವಾರ ಬೆಳಿಗ್ಗೆ ಎದ್ದು ಕೈ ಅಭ್ಯಾಸಬಲದಿಂದ ಬಿಸ್ಕತ್ತಿನ ಡಬ್ಬ ಹುಡುಕುತ್ತಿತ್ತು. ರೇಡಿಯೋದವನು ನಮಸ್ಕಾರ ಅಂದರೆ ಇವಳು ತಿರುಗಿ ನಮಸ್ಕಾರ ಅನ್ನುವುದಕ್ಕೆ ಶುರುಮಾಡಿದಳು. ಒಂದು ವಾರ ಪೂರ್ತಿ ಯಾರ ಜೊತೆಯೂ ಮಾತಾಡದೆ ಶನಿವಾರ ಬೇಕರಿಯಲ್ಲಿ ಬ್ರೆಡ್ ಕೇಳಿದಾಗ ದನಿಯೇ ಹೊರಡಲಿಲ್ಲ, ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಕಾಯಿತು. ದಿನಾ ಸ್ಮಶಾನಕ್ಕೆ ಹೋಗಿ ವಿಲ್ಫ್‌ನಿಗೆ ಹೇಳಿ ನೋಡಿದಳು. ಎಲ್ಲರೂ ಮಾತಾಡಿಸಿದರು ಅಂದೆನಲ್ಲ, ಅದು ಸುಳ್ಳು ಅಂತ.

ಮಗ್ಗಿನ ದಿನ ಬಂತು. ಚಳಿ ಇತ್ತು, ಆದರೆ ಬಿಸಿಲೂ ಇತ್ತು. ಚೌಕದ ತುಂಬ ಜನ. ಬ್ಯಾಂಡಿನವರು ತಮ್ಮ ಹಿತ್ತಾಳೆ ವಾದ್ಯಗಳನ್ನು ಒರೆಸುತ್ತಿದ್ದರು. ಮೂರನೆಯ ಕಂಬದ ಫಲಕಕ್ಕೆ ಒಂದು ಸಣ್ಣ ಪರದೆ ಕಟ್ಟಿತ್ತು, ಅದರ ಮೇಲೆ ಕೊಕ್ಕೆಯಲ್ಲಿ ಮಗ್. ಈ ವರ್ಷದ ಹೊಸಬ ಅಂದರೆ ಊರಾಚೆ ತೆರೆದ ದೊಡ್ಡ ಸೂಪರ್‌ಮಾರ್ಕೆಟ್ಟಿನ ಮ್ಯಾನೇಜರು. ಅವನು ನೀಲಿ ಸೂಟು ಹಾಕಿಕೊಂಡು, ಎಲ್ಲಿ ನಿಲ್ಲಬೇಕೋ ತಿಳಿಯದೆ ಎಲ್ಲರಿಗೂ ನಗುತ್ತಿದ್ದ. ಡೊರೀನ್ ಕೆಂಪು ಟೋಪಿ ಹಾಕಿಕೊಂಡು ಚಹಾದ ದೊಡ್ಡ ಕೆಟಲಿನ ಪಕ್ಕ ನಿಂತಿದ್ದಳು.

ಎನಿಡ್ ಬರಬಾರದು ಅಂದುಕೊಂಡಿದ್ದವಳು ಬಂದಳು. ಜನರ ಹಿಂದೆ ನಿಂತಳು. ಕ್ಲೈವ್ ಪರದೆ ಸರಿಸಿ ಫಲಕವನ್ನು ಗಟ್ಟಿಯಾಗಿ ಓದಿದ. ಹೊಸಬರನ್ನು ಈ ಊರು ಎಂದೂ ಒಂಟಿಯಾಗಿ ನಿಲ್ಲಿಸಲಿಲ್ಲ ಎಂದು ಓದಿದಾಗ ಚಪ್ಪಾಳೆ ಬಿತ್ತು. ಅಕ್ಕಪಕ್ಕದವರು ಅವಳ ಕಡೆ ತಿರುಗಿ, ಗಂಡನ ಹೆಸರು ಬಂತಲ್ಲ, ಹೆಮ್ಮೆ ಆಗಬೇಕು ಅನ್ನುವ ಹಾಗೆ ತಲೆಯಾಡಿಸಿದರು. ಅವಳ ಮೈಯೆಲ್ಲ ಉರಿಯಿತು. ಇನ್ನು ಇಲ್ಲಿ ನಿಂತರೆ ಸತ್ತೇಹೋಗುತ್ತೇನೆ ಅನ್ನಿಸಿತು. ಮನೆಗೆ ಹೋಗಲು ಕಾಲು ಮುಂದಿಟ್ಟವಳು ಅದ್ಯಾಕೋ ಮನೆಯ ಕಡೆ ಹೋಗಲಿಲ್ಲ. ಜನರನ್ನು ಸರಿಸಿಕೊಂಡು, ಮ್ಯಾನೇಜರನ ಮುಂದೆಯೇ ಹಾದು, ಮೂರನೆಯ ಕಂಬದ ಹತ್ತಿರ ಹೋಗಿ ತುದಿಗಾಲಲ್ಲಿ ನಿಂತು ಕೊಕ್ಕೆಯಿಂದ ಮಗ್ ತೆಗೆದುಕೊಂಡಳು. ಡೊರೀನ್‌ಳ ಮುಂದೆ ಹಿಡಿದಳು.

ಜನ ನಕ್ಕರು. ಒಳ್ಳೆಯ ನಗುವೇ. ಐವತ್ತು ವರ್ಷ ಆಯ್ತಲ್ಲಮ್ಮ ನೀ ಬಂದು ಅಂತ ಹಿಂದಿನಿಂದ ಯಾರೋ ಕೂಗಿದರು, ಮತ್ತೆ ನಗು. ಕ್ಲೈವ್ ಅವಳ ಮೊಣಕೈ ಹಿಡಿಯಲು ಬಂದ. ಎನಿಡ್ ಕದಲಲಿಲ್ಲ. ಮಗ್ ಕೈಗೆತ್ತಿಕೊಂಡವರಿಗೆ ಇಲ್ಲ ಅನ್ನುವ ಹಾಗಿಲ್ಲ, ಅದು ಕಟ್ಟಳೆ, ಅದನ್ನು ಮಾಡಿದವಳು ಅವಳೇ. ಡೊರೀನ್ ಸುತ್ತ ನೋಡಿದಳು, ಬೇರೆ ದಾರಿ ಕಾಣದೆ ಚಹಾ ಬಗ್ಗಿಸಿದಳು. ಪ್ರತಿವರ್ಷ ಕೇಳುವ ಮಾತನ್ನೇ ಕೇಳಿದಳು, ನಗುತ್ತ, ಜನರಿಗೆ ಕೇಳಿಸುವ ಹಾಗೆ.

"ಯಾವೂರಿಂದ ಬಂದ್ರಿ? ನಿಮ್ಮೋರು ಯಾರಿದಾರೆ ಇಲ್ಲಿ?"

"ಥೋರ್ಪ್ ಫೆನ್‌ನಿಂದ," ಅಂದಳು ಎನಿಡ್. "ನಮ್ಮೋರು ಅಂತ ಯಾರೂ ಇಲ್ಲ."

ನಗು ಅಲ್ಲಲ್ಲೇ ನಿಂತುಹೋಯಿತು. ಕ್ಲೈವ್ ಬ್ಯಾಂಡಿನವರಿಗೆ ಅವಸರದಿಂದ ಸನ್ನೆ ಮಾಡಿದ, ಅವರು ಏನನ್ನೋ ಊದಲು ಶುರುಮಾಡಿದರು. ಜನ ಮುಖ ತಿರುಗಿಸಿ ಮೆಲ್ಲಗೆ ತಮ್ಮ ತಮ್ಮ ಮಾತಿಗೆ ಮರಳಿದರು. ಸೂಪರ್‌ಮಾರ್ಕೆಟ್ಟಿನ ಮ್ಯಾನೇಜರನಿಗೆ ಯಾರೋ ಕಾಗದದ ಲೋಟದಲ್ಲಿ ಚಹಾ ಕೊಟ್ಟು ಕರೆದುಕೊಂಡು ಹೋದರು. ಕಂಬದ ಪಕ್ಕ ಇಬ್ಬರು ಮುದುಕಿಯರು ಉಳಿದರು. ಒಬ್ಬಳು ಕುಡಿಯುವವಳು, ಇನ್ನೊಬ್ಬಳು ಕದಲುವ ಹಾಗಿಲ್ಲದವಳು.

ಎನಿಡ್ ಒಂದು ಗುಟುಕು ಕುಡಿದಳು. ಡೊರೀನ್ ಟೋಪಿ ಸರಿಮಾಡಿಕೊಂಡಳು, ಕೈಗವಸು ಬಿಚ್ಚಿದಳು, ಮತ್ತೆ ಹಾಕಿಕೊಂಡಳು. ಬಹಳ ಹೊತ್ತು ಅವಳನ್ನೂ ಕಂಬವನ್ನೂ ನೋಡಿದಳು. ಅವಳ ಮುಖದ ಅಧ್ಯಕ್ಷಗಿರಿ ಎಲ್ಲಿಗೋ ಹೋಗಿತ್ತು.

"ಹಸಿರು ಕೋಟು," ಅಂದಳು ಕೊನೆಗೆ, ತಗ್ಗಿದ ದನಿಯಲ್ಲಿ. "ಉದ್ದ ಕೋಟು, ದೊಡ್ಡ ಗುಂಡಿ. ಅದು ನೀನೇನಾ?"

ಎನಿಡ್ ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆ ಕೋಟಿನ ವಿಷಯ ಅವಳು ಎಲ್ಲೂ ಬರೆದಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ವಿಲ್ಫ್ ಹೋದ ಮೇಲೆ ಅದನ್ನು ಬಲ್ಲವರು ಭೂಮಿಯ ಮೇಲೆ ಯಾರೂ ಇಲ್ಲ ಅಂದುಕೊಂಡಿದ್ದಳು.

"ನಾನೇ," ಅಂದಳು.

"ನಮ್ಮ ಅಂಗಡಿ ಕಿಟಕಿಯಿಂದ ಕಾಣ್ತಿತ್ತು. ಆ ಚಳಿಗಾಲ ಇಡೀ. ಸಾಸೇಜ್ ಕಟ್ಟಿಕೊಡ್ತಾ ನೋಡ್ತಿದ್ದೆ. ಇದೇ ಜಾಗದಲ್ಲಿ ನಿಂತಿರ್ತಿದ್ದೆ ನೀನು."

"ನೋಡ್ತಿದ್ಯಾ?"

"ಪ್ರತಿ ಗುರುವಾರ. ಯಾರಾದ್ರೂ ಹೋಗಿ ಮಾತಾಡಿಸ್ಬಾರ್ದಾ ಅಂದ್ಕೋತಿದ್ದೆ." ಡೊರೀನ್ ಕೈಗವಸಿನ ದಾರ ಎಳೆದಳು. "ಯಾರೋ ಒಬ್ರು ಮಾತಾಡಿಸ್ತಾರೆ ಬಿಡು ಅಂದ್ಕೊಂಡು ಸುಮ್ನಾಗ್ತಿದ್ದೆ. ಆಮೇಲೆ ನೀನು ಬರೋದು ನಿಂತ್ಹೋಯ್ತು. ಊರು ಬಿಟ್ಟು ಹೋದ್ಲೇನೋ ಆ ಹುಡುಗಿ ಅಂತ ಒಂದಿಷ್ಟು ದಿನ ಮನಸ್ಸಿಗೆ ಒಂಥರಾ ಆಯ್ತು. ಹಾರ್ಡ್‌ವೇರ್ ಅಂಗಡಿಯೋಳು ಬೇರೆ, ಅವಳು ಬೇರೆ ಅಂತ್ಲೇ ಇಷ್ಟು ವರ್ಷ ತಿಳ್ಕೊಂಡಿದ್ದೆ."

ಎನಿಡ್‌ಗೆ ಸಿಟ್ಟು ಬಂತು. ಐವತ್ತನಾಲ್ಕು ವರ್ಷದ ಸಿಟ್ಟು ಒಮ್ಮೆಗೇ ಬಂದು ಎದೆಗೆ ಗುದ್ದಿತು. ಅದರ ಹಿಂದೆಯೇ ಅಳುವೂ ಬಂತು, ಏನು ಮಾಡಿದರೂ ತಡೆಯಲಾಗಲಿಲ್ಲ. ಹಾಗಾದರೆ ಆ ಹುಡುಗಿ ಇದ್ದಳು. ಕಿಟಕಿಯಾಚೆಯಿಂದಾದರೂ, ಒಬ್ಬಳು ಅವಳನ್ನು ಕಂಡಿದ್ದಳು. ಡೊರೀನ್ ಕರವಸ್ತ್ರ ತೆಗೆದುಕೊಟ್ಟಳು. ಫಲಕದ ಮೇಲಿನ ಸಾಲನ್ನು ಇಬ್ಬರೂ ಒಮ್ಮೆ ನೋಡಿ ಇಬ್ಬರೂ ಬೇರೆ ಕಡೆ ಕಣ್ಣು ಹೊರಳಿಸಿದರು.

ಬ್ಯಾಂಡು ನಿಂತಿತು. ಭಾಷಣಕ್ಕೆ ಹೊತ್ತಾಯಿತು ಅಂತ ಕ್ಲೈವ್ ಆ ಕಡೆಯಿಂದ ಡೊರೀನ್‌ಗೆ ಕೈಬೀಸಿದ, ಎರಡು ಸಲ, ಮೂರು ಸಲ.

"ಮಗ್ ಖಾಲಿಯಾಗಿಲ್ಲ," ಅಂತ ಡೊರೀನ್ ಅವನಿಗೆ ಕೂಗಿ ಹೇಳಿ, ಕಂಬಕ್ಕೆ ಬೆನ್ನು ಕೊಟ್ಟು ನಿಂತುಕೊಂಡಳು.

ಚಹಾ ಆರುತ್ತಿತ್ತು. ಎನಿಡ್ ಮೂಗು ಒರೆಸಿಕೊಂಡು, ತುಟಿ ಒದ್ದೆಯಾಗುವಷ್ಟೇ, ಇನ್ನೊಂದು ಸಣ್ಣ ಗುಟುಕು ಕುಡಿದಳು.